ಬೆಂಗಳೂರು, ಬರ್ಲಿನ್, ಡಲ್ಲಾಸ್: ಒಂದು ತಂಡ, ಮೂರು ಗಡಿಯಾರ

ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ಬೆಂಗಳೂರಿನವರು ಆರು ಜನ, ಬರ್ಲಿನ್‌ನವರು ಇಬ್ಬರು, ಡಲ್ಲಾಸ್‌ನವರು ಮೂವರು. ಮೂರೂ ಕಡೆಯವರು ಒಟ್ಟಿಗೆ ಕೆಲಸದಲ್ಲಿರುವುದು ಬೇಸಿಗೆಯಲ್ಲಿ ನಮ್ಮ ಸಂಜೆ 7:30ರಿಂದ ಒಂದೂವರೆ ಗಂಟೆ ಮಾತ್ರ. ಇಲ್ಲಿಯವರಿಗೆ ಅದು ಮನೆಯ ಹೊತ್ತು. ಹಾಗಾಗಿ ದಿನಾ ಇಡುತ್ತಿದ್ದ ಮೀಟಿಂಗನ್ನು ಮಂಗಳವಾರ, ಗುರುವಾರ ಅರ್ಧರ್ಧ ಗಂಟೆಗೆ ಇಳಿಸಿದೆ. ಉಳಿದದ್ದೆಲ್ಲ ಬರವಣಿಗೆಯಲ್ಲಿ.

ಬರವಣಿಗೆ ಎಂದರೆ ಮುಖ್ಯವಾಗಿ ಹ್ಯಾಂಡೋವರ್ ನೋಟ್, ಅಂದರೆ ಕೆಲಸ ಎಲ್ಲಿಗೆ ಬಂತು ಎಂದು ಮುಂದಿನವರಿಗೆ ಬರೆದಿಡುವ ಟಿಪ್ಪಣಿ. ಲಾಗೌಟ್ ಆಗುವ 20 ನಿಮಿಷ ಮೊದಲು ಜಿರಾ ಟಿಕೆಟ್‌ನಲ್ಲೇ (ಪ್ರತಿ ಕೆಲಸಕ್ಕೂ ಇರುವ ಆನ್‌ಲೈನ್ ದಾಖಲೆ) ಬರೆಯಬೇಕು. ಚಾಟ್ ಆ್ಯಪ್ ಸ್ಲ್ಯಾಕ್‌ನಲ್ಲಿ ಹಾಕಿದರೆ ಬೆಳಗಾಗುವಷ್ಟರಲ್ಲಿ ಬೇರೆ ಮೆಸೇಜುಗಳ ನಡುವೆ ಕಳೆದುಹೋಗಿರುತ್ತದೆ. ‘ಬಹುತೇಕ ಮುಗಿದಿದೆ’ ಎಂದು ಬರೆದರೆ ಡಲ್ಲಾಸ್‌ನವರ ಒಂದು ದಿನ ಹಾಳು, ಏಕೆಂದರೆ ಅವರಿಗೆ ಪ್ರಶ್ನೆ ಹುಟ್ಟುವ ಹೊತ್ತಿಗೆ ನಾವು ಮಲಗಿರುತ್ತೇವೆ. ನಾನು ಬರೆಸುವುದು ಹೀಗೆ: ‘ಪೇಮೆಂಟ್ ರಿಟ್ರೈ ಬ್ರಾಂಚ್ ಪುಶ್ ಆಗಿದೆ. 14 ಟೆಸ್ಟ್‌ಗಳಲ್ಲಿ 12 ಪಾಸ್. ಫೇಲಾದ ಎರಡೂ ಟೈಮ್‌ಔಟ್, ಅದೂ ಸ್ಟೇಜಿಂಗ್‌ನಲ್ಲಿ ಮಾತ್ರ. ಕನೆಕ್ಷನ್ ಪೂಲ್ 10ರಿಂದ 20ಕ್ಕೆ ಏರಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಈಗ ಅನುಮಾನ ಫೈರ್‌ವಾಲ್ ಮೇಲೆ. ನೋಡುವ ಅನುಮತಿ ನಿಮ್ಮ ಕಡೆ ಇದೆ.’ (ಬ್ರಾಂಚ್ ಎಂದರೆ ಕೋಡ್‌ನ ಪ್ರತ್ಯೇಕ ಪ್ರತಿ, ಸ್ಟೇಜಿಂಗ್ ಎಂದರೆ ಬಿಡುಗಡೆಗೆ ಮುಂಚಿನ ಪರೀಕ್ಷಾ ಸರ್ವರ್, ಕನೆಕ್ಷನ್ ಪೂಲ್ ಎಂದರೆ ಮರುಬಳಕೆಗೆ ತೆರೆದಿಟ್ಟ ಸಂಪರ್ಕಗಳು, ಫೈರ್‌ವಾಲ್ ಎಂದರೆ ನೆಟ್‌ವರ್ಕ್‌ನ ಕಾವಲು.) ಇದರಲ್ಲಿ ಬೆಲೆಬಾಳುವುದು ‘ಪ್ರಯೋಜನವಾಗಲಿಲ್ಲ’ ಎಂಬ ಸಾಲು. ಅದು ಇಲ್ಲದಿದ್ದರೆ ಅಲ್ಲಿಯವರೂ ಪೂಲ್ ಏರಿಸುವುದರಿಂದಲೇ ಶುರು ಮಾಡುತ್ತಾರೆ.

ಇನ್ನು ಗಡಿಯಾರ. ನಮ್ಮಲ್ಲಿ ವರ್ಷವಿಡೀ ಒಂದೇ ಸಮಯ. ಅಮೆರಿಕದವರು ಬೇಸಿಗೆಗಾಗಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರೆ, ಯೂರೋಪಿನವರು ಕೊನೆಯ ಭಾನುವಾರ. ಹಿಂದಕ್ಕೆ ತಿರುಗಿಸುವಾಗ ಯೂರೋಪಿಗೆ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕಕ್ಕೆ ನವೆಂಬರ್‌ನ ಮೊದಲ ಭಾನುವಾರ. ನಡುವಿನ ಆ ವಾರಗಳಲ್ಲಿ ಯಾರಿಗಾದರೂ ಮೀಟಿಂಗ್ ತಪ್ಪಿಹೋಗುವುದು ಖಚಿತ. ಕ್ಯಾಲೆಂಡರ್‌ನಲ್ಲಿ ಮೀಟಿಂಗನ್ನು ಭಾರತದ 7:30 ಎಂದು ಕಟ್ಟಿಹಾಕಿದರೆ ಬೇಸಿಗೆಯಲ್ಲಿ ಡಲ್ಲಾಸ್‌ನ ಬೆಳಗಿನ 9 ಆಗಿದ್ದದ್ದು ಚಳಿಗಾಲದಲ್ಲಿ 8 ಆಗುತ್ತದೆ. ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತು, ಯಾರೂ ಬರುವುದಿಲ್ಲ. ಅದಕ್ಕೇ ಡಲ್ಲಾಸ್‌ನ ಬೆಳಗಿನ 9 ಎಂದೇ ಕಟ್ಟಿದ್ದೇನೆ. ಚಳಿಗಾಲದಲ್ಲಿ ನಮಗೆ ಅದು ರಾತ್ರಿ 8:30. ಈ ಭಾರವನ್ನು ಆರೂ ಜನರ ಮೇಲೆ ಹೊರಿಸುವುದು ಅನ್ಯಾಯ. ಆ ತಿಂಗಳುಗಳಲ್ಲಿ ಬೆಂಗಳೂರಿನಿಂದ ಇಬ್ಬರೇ ಕೂರುತ್ತಾರೆ, ಸರದಿಯ ಮೇಲೆ; ಕೂತವರು ಮರುದಿನ 11ಕ್ಕೆ ಲಾಗಿನ್ ಆದರೆ ಸಾಕು.

ಕಾಲ್‌ನಲ್ಲಿ ನಮ್ಮವರು ‘ಯೆಸ್’ ಅಂದರೆ ಎಷ್ಟೋ ಸಲ ‘ಕೇಳಿಸಿತು’ ಎಂದಷ್ಟೇ. ಬರ್ಲಿನ್‌ನವರು ಅದನ್ನು ‘ಮಾಡುತ್ತೇವೆ’ ಎಂದು ಬರೆದುಕೊಂಡಿರುತ್ತಾರೆ. ಈಗ ‘ಗೊತ್ತಾಯ್ತಾ?’ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. ‘ನಾಳೆ ಮೊದಲು ಯಾವ ಫೈಲ್ ತೆಗೀತೀರಿ?’ ಎಂದು ಕೇಳುತ್ತೇನೆ. ಉತ್ತರಕ್ಕೆ ತಡವರಿಸಿದರೆ ಸ್ಕ್ರೀನ್ ಶೇರ್ ಮಾಡಿಸಿ, ಆ ಫೈಲ್ ತೆರೆಸಿದ ಮೇಲೆಯೇ ಕಾಲ್ ಮುಗಿಸುವುದು.