ಹೊಳೆ ಏರುವ ಮುನ್ನ ದನ ದಾಟಲಿ

ಕೃಷ್ಣೆಯ ದಂಡೆಯ ನಮ್ಮ ಊರುಗಳಿಗೆ ಮಹಾಪೂರ ಹೇಳದೆ ಕೇಳದೆ ಬರುವುದು ಕಡಿಮೆ. ಇಲ್ಲಿ ಹನಿ ಮಳೆ ಬೀಳದಿದ್ದರೂ ಸಹ್ಯಾದ್ರಿಯಲ್ಲಿ ಜೋರು ಮಳೆಯಾಗಿ ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಉಬ್ಬುತ್ತದೆ. ಆದ್ದರಿಂದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಗಡಿಯಾಚೆ ಕೃಷ್ಣೆಗೆ ಕಟ್ಟಿರುವ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ ಎಂಬುದನ್ನು ಮನೆಯಲ್ಲಿ ಒಬ್ಬರಾದರೂ ದಿನವೂ ವಿಚಾರಿಸಿಕೊಳ್ಳಬೇಕು.

2005ರಲ್ಲಿಯೂ 2019ರಲ್ಲಿಯೂ ಮನೆ ಬಿಡಿ ಎಂದು ಕರೆಯಲು ಬಂದವರಿಗೆ ನಮ್ಮವರು ಕೊಟ್ಟ ಉತ್ತರ ಒಂದೇ: "ಎಮ್ಮೆಯನ್ನು ಯಾರ ಕೈಗೆ ಕೊಟ್ಟು ಬರೋಣ?" ಈ ಪ್ರಶ್ನೆಗೆ ಉತ್ತರವನ್ನು ಮೃಗಶಿರ ಮಳೆಯ ಹೊತ್ತಿಗೇ ಹುಡುಕಿಟ್ಟುಕೊಳ್ಳಿ. ಮಡ್ಡಿಯ, ಅಂದರೆ ಎತ್ತರದ ಒಣನೆಲದ, ಕಡೆ ಬೀಗರೋ ನೆಂಟರೋ ಇದ್ದರೆ ಅವರೊಡನೆ ಮೊದಲೇ ಮಾತನಾಡಿ, ಒಂದು ಚಕ್ಕಡಿ ಕಣಿಕೆಯನ್ನು (ಜೋಳದ ಒಣ ದಂಟಿನ ಮೇವು) ಅವರ ಹಿತ್ತಲಿಗೆ ಸಾಗಿಸಿಡಿ; ಕಬ್ಬಿನ ಹೊಲ ಮುಳುಗಿದ ಮೇಲೆ ಹಸಿ ಮೇವು ದುಡ್ಡು ಕೊಟ್ಟರೂ ಸಿಗುವುದಿಲ್ಲ, ಬರಿಗೈಯಲ್ಲಿ ದನ ಹೊಡೆದುಕೊಂಡು ಹೋದರೆ ಬೀಗರ ಮುಖವೂ ನಾಲ್ಕನೆಯ ದಿನಕ್ಕೆ ಬಾಡುತ್ತದೆ. ರಸ್ತೆಯ ಮೇಲೆ ನೀರು ಬರುವ ಮೊದಲೇ ದನ ದಾಟಿರಬೇಕು. ಆಗದೇ ಹೋದರೆ ಕಣ್ಣಿಯನ್ನಾದರೂ ಬಿಚ್ಚಿಬಿಡಿ. ಬಿಟ್ಟ ಎಮ್ಮೆ ಈಜೀತು, ಗೂಟಕ್ಕೆ ಕಟ್ಟಿದ್ದು ಉಳಿಯುವುದಿಲ್ಲ.

ನೆಲದೊಳಗಿನ ಕಾಳಿನ ಗುಂಡಿಯಾದ ಹಗೇವಿನಲ್ಲಿ ಜೋಳವಿದ್ದರೆ ಮಳೆಗಾಲಕ್ಕೆ ಮುಂಚೆ ತೆಗೆದು ಚೀಲ ತುಂಬಿ ಮೇಲಿಡಿ, ಏಕೆಂದರೆ ಒಮ್ಮೆ ನೀರು ಹೊಕ್ಕ ಕಾಳು ದನಕ್ಕೂ ಆಗುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದು ವಾರಕ್ಕೆ ಸಾಕಾಗುವಷ್ಟಿರಲಿ. ಪಹಣಿ, ಪಾಸ್‌ಬುಕ್, ರೇಷನ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಬ್ಬರ ಜವಾಬ್ದಾರಿಗೆ ಕೊಡಿ. ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿ, ಅದನ್ನು ಕಂಬಕ್ಕೆ ಕಟ್ಟಿ. ತುಂಬಿದ್ದು ಕೂಡ ನೀರಿನಲ್ಲಿ ತೇಲುತ್ತದೆ ಎಂದರೆ ಹಲವರು ನಂಬುವುದಿಲ್ಲ. ಮನೆ ಬಿಡುವಾಗ ಮೇನ್ ಸ್ವಿಚ್ ಆರಿಸಿ. ಊರಿನಲ್ಲಿ ಯಾರಾದರೂ ಸಿಕ್ಕಿಕೊಂಡರೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಬೇಕೆಂಬುದು ಮಕ್ಕಳಿಗೂ ಗೊತ್ತಿರಲಿ.

ನೀರು ಇಳಿದ ಮೇಲಿನ ಅವಸರವೇ ಹೆಚ್ಚು ಅಪಾಯಕಾರಿ. ಮಣ್ಣಿನ ಮಾಳಿಗೆಯ ಮನೆ ನೀರಿನಲ್ಲಿ ನಿಂತಿದ್ದು, ಬಿಸಿಲು ಬಿದ್ದ ಮೇಲೆ ಕುಸಿಯುವುದುಂಟು. ಹೊರಗಿನಿಂದಲೇ ಗೋಡೆಯ ಬಿರುಕು, ತೊಲೆಯ ವಾಲು ನೋಡಿ, ಪರಿಹಾರಕ್ಕೆ ಬೇಕಾಗುವ ಫೋಟೊ ತೆಗೆದುಕೊಂಡು, ಅನುಭವಸ್ಥ ಗೌಂಡಿಯೊಬ್ಬನಿಗೆ ತೋರಿಸಿದ ಬಳಿಕವೇ ಒಳಗೆ ಕಾಲಿಡಿ. ಸುತ್ತಿಟ್ಟ ಕೌದಿಯನ್ನು ಕೈಯಿಂದ ಎತ್ತದೆ ಮೊದಲು ಕೋಲಿನಿಂದ ಬಿಡಿಸಿ. ಹಾವಿಗೂ ಆ ದಿನಗಳಲ್ಲಿ ಒಣ ಜಾಗ ಬೇಕಾಗಿರುತ್ತದೆ.