ಗ್ಲಾಕ್ 22ಕ್ಕೆ 9 ಎಂಎಂ ನಳಿಗೆ: ಕೊನೆಗೂ ಸರಿಹೋಯಿತು

ಮೊನ್ನೆ ಶನಿವಾರ ರೇಂಜಿನಲ್ಲಿ 200 ತೋಟಾ ಹಾರಿಸಿದೆ. ಒಂದೂ ಸಿಕ್ಕಿಕೊಳ್ಳಲಿಲ್ಲ. ಪಿಸ್ತೂಲು ಗ್ಲಾಕ್ ಕಂಪನಿಯ ಗ್ಲಾಕ್ 22, ಮೂರನೇ ಜನರೇಶನ್ನಿನದು, .40 ಇಂಚಿನ (ಸುಮಾರು 10 ಎಂಎಂ) ತೋಟಾಕ್ಕೆ ಮಾಡಿದ್ದು. ಹಾರಿಸಿದ್ದು 9 ಎಂಎಂ. "ಸುಮ್ನೆ ದುಡ್ಡು ಹಾಳು ಮಾಡ್ತೀರಿ, ಒಂದು ಗ್ಲಾಕ್ 17 ತಗೊಂಡುಬಿಡಿ" ಅಂದಿದ್ದ (ಗ್ಲಾಕ್ 17 ಹುಟ್ಟಿದ್ದೇ 9 ಎಂಎಂಗೆ) ಗೆಳೆಯರೇ ಈಗ ಯಾವ ನಳಿಗೆ ಅಂತ ಕೇಳ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಊರು ಕೊಡಗು. ಕೈಲ್‌ಪೊಳ್ದ್‌ಗೆ (ನಮ್ಮ ಆಯುಧ ಪೂಜೆಯ ಹಬ್ಬ) ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾ ಬೆಳೆದವನು. ಈಗ ಇರುವುದು ಟೆಕ್ಸಾಸ್, ಡಲ್ಲಾಸ್ ಪಕ್ಕ. ಇಲ್ಲಿನ ಕಾನೂನಿನಲ್ಲಿ ಪಿಸ್ತೂಲಿನ ಫ್ರೇಮ್ (ಹಿಡಿಯಿರುವ ಕೆಳಭಾಗ) ಮಾತ್ರ ಆಯುಧ. ನಳಿಗೆ ಬರೀ ಬಿಡಿಭಾಗ, ಪಾರ್ಸೆಲ್‌ನಲ್ಲೇ ಮನೆಗೆ ಬರುತ್ತದೆ. ಊರಲ್ಲಿ ಓದುತ್ತಿರುವವರು ದಯವಿಟ್ಟು ಈ ಕೆಲಸಕ್ಕೆ ಕೈ ಹಾಕಬೇಡಿ. ಅಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ), ಲೈಸೆನ್ಸ್ ಇದ್ದರೂ ಬೋರ್ ಬದಲಿಸುವ ಹಾಗಿಲ್ಲ.

.40 ತೋಟಾ ಬಂದದ್ದು 1990ರಲ್ಲಿ. ಇಲ್ಲಿನ ಪೊಲೀಸರು ಮುಗಿಬಿದ್ದು ತಗೊಂಡರು. 2016ರ ಸುಮಾರಿಗೆ ಎಫ್‌ಬಿಐ 9 ಎಂಎಂಗೆ ವಾಪಸ್ ಹೋಯಿತು, ಹಿಂದೆಯೇ ಬಹಳಷ್ಟು ಇಲಾಖೆಗಳೂ ಹೋದವು. ಹಳೇ ಗ್ಲಾಕ್ 22ಗಳು ರಾಶಿ ರಾಶಿ ಮಾರಾಟಕ್ಕೆ ಬಂದವು. ನನಗೆ ಸುಮಾರು 320 ಡಾಲರಿಗೆ ಸಿಕ್ಕಿತು. ಹೊರಗೆ ಹೋಲ್‌ಸ್ಟರ್‌ನಲ್ಲಿ ಉಜ್ಜಿ ಬಣ್ಣ ಹೋಗಿತ್ತು, ಒಳಗೆ ಹೊಸದರಂತೆ ಇತ್ತು.

ತೊಂದರೆ ತೋಟಾದ ಬೆಲೆಯದ್ದು. 50ರ ಪೆಟ್ಟಿಗೆಗೆ 9 ಎಂಎಂ 13–14 ಡಾಲರ್ ಇದ್ದಾಗ .40ಕ್ಕೆ 19–20. ತಿಂಗಳಿಗೆ 400 ಹಾರಿಸುವವನಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಮೊದಲ ತಪ್ಪು, ಗ್ಲಾಕ್ 17ರ ಹಳೇ ನಳಿಗೆಯನ್ನು 80 ಡಾಲರಿಗೆ ತಂದದ್ದು. ಉದ್ದ ಒಂದೇ, ಕೂತುಕೊಳ್ಳುತ್ತೆ ಅಂದುಕೊಂಡೆ. ಕೂತಿತು, ಆದರೆ ಬೆರಳಲ್ಲಿ ಒತ್ತಿದರೆ ಸ್ಲೈಡಿನೊಳಗೆ (ಗುಂಡು ಹಾರಿದಾಗ ಹಿಂದೆ ಸರಿಯುವ ಮೇಲ್ಭಾಗ) ಲೊಡಲೊಡ ಅನ್ನುತ್ತಿತ್ತು. .40ರ ನಳಿಗೆ ಹೊರಗಡೆಯೂ ದಪ್ಪ ಅಲ್ವಾ? ಅದರಲ್ಲಿ ಒಂದು ಗುಂಡೂ ಹಾರಿಸಲಿಲ್ಲ. 60ಕ್ಕೆ ಮಾರಿದೆ.

ಬೇಕಾದದ್ದು ಕನ್ವರ್ಶನ್ ನಳಿಗೆ. ಹೊರಮೈ .40ರ ಅಳತೆ, ಒಳಗೆ 9. 160ರ ಆಸುಪಾಸು ಬಿತ್ತು. ಹಾಕಿದ ತಕ್ಷಣ ಗಟ್ಟಿಯಾಗಿ ಕೂತಿತು. ಆದರೆ ಮ್ಯಾಗಜೀನಿಗೆ (ತೋಟಾ ತುಂಬುವ ಡಬ್ಬಿ) ಖರ್ಚು ಮಾಡಲಿಲ್ಲ. .40ರ ಮ್ಯಾಗಜೀನಿನಲ್ಲೇ ತುಂಬಿದೆ. ಅದರ ತುಟಿ ಅಗಲ, 9ರ ತೋಟಾ ಸಡಿಲವಾಗಿ ಮೂತಿ ತಗ್ಗಿಸಿ ಸಿಕ್ಕಿಕೊಳ್ಳುತ್ತಿತ್ತು. ಹತ್ತಕ್ಕೆ ಎರಡು ಗ್ಯಾರಂಟಿ. ಗ್ಲಾಕ್ 17ರ ಮೂರು ಮ್ಯಾಗಜೀನ್ ತಂದೆ, 75 ಡಾಲರ್. ಆ ಕಾಟ ಅವತ್ತೇ ನಿಂತಿತು.

ಆಮೇಲೆ ಖಾಲಿ ಕೇಸಿನ (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಚಿಪ್ಪು) ಕಾಟ. ಬಲಕ್ಕೆ ಹಾರಬೇಕಾದದ್ದು ನೇರ ಹಣೆಗೆ ಬರುತ್ತಿತ್ತು. ಒಂದು ಸಲ ಬಿಸಿ ಕೇಸು ಕನ್ನಡಕಕ್ಕೂ ಹುಬ್ಬಿಗೂ ನಡುವೆ ಸಿಕ್ಕಿಕೊಂಡಿತು. ಪಿಸ್ತೂಲಿನ ಮೂತಿ ಗುರಿಯ ಕಡೆಗೇ ಹಿಡಿದುಕೊಂಡು, ಎಡಗೈಯಲ್ಲಿ ಕನ್ನಡಕ ಕಿತ್ತು ಬಿಸಾಡಿದೆ. ಹುಬ್ಬಿನ ಕೆಳಗಿನ ಕಲೆ ಇನ್ನೂ ಇದೆ. .40ರ ತೋಟಾದ ಹಿಂಬದಿ 10.8 ಮಿಮೀ, 9ರದ್ದು 10ರೊಳಗೆ. ಅಷ್ಟು ಸಡಿಲದಲ್ಲಿ ಹಳೇ ಎಜೆಕ್ಟರ್ (ಕೇಸನ್ನು ತಟ್ಟಿ ಹೊರಗೆ ಹಾರಿಸುವ ತುಂಡು) ಸರಿಯಾದ ಜಾಗಕ್ಕೆ ತಟ್ಟುವುದಿಲ್ಲ. 9ರ ಎಜೆಕ್ಟರ್ ಇರುವ ಟ್ರಿಗರ್ ಹೌಸಿಂಗ್ (ಟ್ರಿಗರಿನ ಹಿಂದಿನ ತುಂಡು) ಹಾಕಿದೆ, 15 ಡಾಲರ್. ಎಕ್ಸ್‌ಟ್ರಾಕ್ಟರಿಗೂ (ಕೇಸನ್ನು ಹಿಡಿದೆಳೆಯುವ ಕೊಕ್ಕೆ) ಒಂದು ಸಣ್ಣ ಕೆಲಸ ಮಾಡಿದ್ದೇನೆ. ಅದಕ್ಕೆ ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೊನೆಗೆ ಉಳಿದದ್ದು ತೋಟಾ. ಗುಂಡಿನ ತೂಕ 115 ಗ್ರೇನ್ ಇರುವ ಅಗ್ಗದ ಮಾಲಿನಲ್ಲಿ ಸ್ಲೈಡ್ ಪೂರ್ತಿ ಹಿಂದೆ ಹೋಗುತ್ತಿರಲಿಲ್ಲ. .40ರ ಸ್ಲೈಡ್ ಸ್ವಲ್ಪ ಭಾರ. 124ಕ್ಕೆ ಬಂದೆ, ಪೆಟ್ಟಿಗೆಗೆ ಒಂದು ಡಾಲರ್ ಜಾಸ್ತಿ. ಅಲ್ಲಿಂದ ಓಡುತ್ತಿದೆ.

ನಡುವೆ .357 ಸಿಗ್ (ಇನ್ನೊಂದು ಜಾತಿಯ ತೋಟಾ) ನಳಿಗೆಯನ್ನೂ ತರಿಸಿ ನೋಡಿದೆ. ಆ ತೋಟಾದ ಹಿಂಬದಿ .40ರ ಅಳತೆಯೇ, ಹಾಗಾಗಿ ನಳಿಗೆ ಬಿಟ್ಟರೆ ಬೇರೇನೂ ಬದಲಿಸಬೇಕಿಲ್ಲ. ಮ್ಯಾಗಜೀನೂ ಅದೇ. ಮೊದಲ ಈಡಿಗೇ ಕೆಲಸ ಮಾಡಿತು. ಮೂತಿಯಲ್ಲಿ ಎಂಥಾ ಬೆಂಕಿ ಅಂತೀರಿ, ಪಕ್ಕದ ಲೇನಿನವರು ತಿರುಗಿ ನೋಡಿದರು! ಪೆಟ್ಟಿಗೆಗೆ 40 ಡಾಲರ್ ಹತ್ತಿರ ಆದ್ದರಿಂದ ಅದೀಗ ಡ್ರಾಯರಿನಲ್ಲಿದೆ. ಗ್ಲಾಕ್ 17 ಇರುವವರು ಮಾತ್ರ .40ಕ್ಕೆ ಹೋಗಲು ನೋಡಬೇಡಿ. ಆ ಸ್ಲೈಡಿನ ಮುಖಕ್ಕೆ .40ರ ತೋಟಾ ಹಿಡಿಸುವುದಿಲ್ಲ.

ಲೆಕ್ಕಕ್ಕೆ ಬಂದರೆ ಬದಲಾವಣೆಗೆ ಬಿದ್ದದ್ದು 270 ಡಾಲರ್, ಮೊದಲ ನಳಿಗೆಯ ನಷ್ಟವೂ ಸೇರಿ. ತಿಂಗಳಿಗೆ ಸುಮಾರು 40 ಉಳಿಯುತ್ತದೆ. ಏಳು ತಿಂಗಳಿಗೆ ದುಡ್ಡು ವಾಪಸ್. .40 ಬೇಕಾದರೆ ಹಳೇ ನಳಿಗೆಯೂ ಹೌಸಿಂಗೂ ಇದ್ದೇ ಇವೆ.

ಒಂದು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 9ರ ತೋಟಾ .40ರ ನಳಿಗೆಯೊಳಗೆ ಸಲೀಸಾಗಿ ಇಳಿದುಬಿಡುತ್ತದೆ, ಹಾರಿಸಿದರೆ ಕೇಸು ಸೀಳುತ್ತದೆ. ಅದಕ್ಕೆ 9ರ ಮ್ಯಾಗಜೀನುಗಳ ತಳಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ. ರೇಂಜಿಗೆ ಹೊರಡುವ ದಿನ ಒಂದೇ ಜಾತಿಯ ತೋಟಾ ಚೀಲಕ್ಕೆ ಹೋಗುತ್ತದೆ, ಇನ್ನೊಂದು ಮನೆಯ ಕಪಾಟಿನಲ್ಲಿ ಬೀಗದೊಳಗೆ.