ನಾಟ್ರಾನ್ ಸರೋವರದ ನೀರನ್ನು ಅಳೆದ ಅನುಭವ

ತಾಂಜಾನಿಯಾದ ಉತ್ತರದಲ್ಲಿ, ಕೀನ್ಯಾದ ಗಡಿಗೆ ಹತ್ತಿಕೊಂಡಿರುವ ನಾಟ್ರಾನ್ ಸರೋವರದ ಬಗ್ಗೆ ಅಲ್ಲಿ ಇಲ್ಲಿ ಓದಿದವರಿಗೆ ಸಾಮಾನ್ಯವಾಗಿ ಎರಡು ಮಾತು ಗೊತ್ತಿರುತ್ತವೆ: ಅದರ ನೀರಿನ ಪಿಎಚ್ (ಆಮ್ಲ, ಕ್ಷಾರಗಳ ಅಳತೆ; 7ಕ್ಕಿಂತ ಹೆಚ್ಚಾದಷ್ಟೂ ಕ್ಷಾರ ಹೆಚ್ಚು) 12 ಎಂಬುದು ಒಂದು, ಅದಕ್ಕೆ ಬಿದ್ದ ಪ್ರಾಣಿ ಕಲ್ಲಾಗುತ್ತದೆ ಎಂಬುದು ಇನ್ನೊಂದು. ಅರುಷಾದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ, ರಜೆ ಸಿಕ್ಕಾಗಲೆಲ್ಲ ಪಿಎಚ್ ಮೀಟರು, ದ್ರವವನ್ನು ಹನಿಹನಿಯಾಗಿ ಅಳೆದು ಬಿಡುವ ಬ್ಯುರೆಟ್ಟು ಮತ್ತು ದುರ್ಬೀನು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದ ನನಗೆ ಈ ಎರಡು ಮಾತುಗಳನ್ನೂ ಹಾಗೆಯೇ ಒಪ್ಪಿಕೊಳ್ಳಲು ಆಗಲಿಲ್ಲ. ನಾಟ್ರಾನ್‌ನಲ್ಲಿರುವುದು ಒಂದೇ ಬಗೆಯ ನೀರಲ್ಲ. ದಡದ ಬುಗ್ಗೆಯಿಂದ ನಡುವಿನ ಹರವಿನ ತನಕ ಅದು ಹೆಜ್ಜೆಹೆಜ್ಜೆಗೆ ಬದಲಾಗುತ್ತದೆ, ಅಲ್ಲಿನ ಜೀವಿಗಳೂ ಆ ಬದಲಾವಣೆಗೆ ತಕ್ಕಂತೆ ಜಾಗ ಹಿಡಿದಿವೆ.

ಸರೋವರದ ಉದ್ದ ಸುಮಾರು 57 ಕಿಲೋಮೀಟರ್, ಅಗಲ ಹೆಚ್ಚೆಂದರೆ 22 ಕಿಲೋಮೀಟರ್, ಆಳ ಮಾತ್ರ 3 ಮೀಟರನ್ನೂ ಮುಟ್ಟುವುದಿಲ್ಲ. ಕೀನ್ಯಾದ ಕಡೆಯಿಂದ ದಕ್ಷಿಣ ಎವಾಸೊ ನ್ಯಿರೊ ನದಿ ಬಂದು ಸೇರುತ್ತದೆ, ಸುತ್ತಲೂ ಬಿಸಿನೀರಿನ ಬುಗ್ಗೆಗಳಿವೆ, ಆದರೆ ನೀರು ಹೊರಗೆ ಹರಿದುಹೋಗಲು ದಾರಿಯಿಲ್ಲ. ರಿಫ್ಟ್ ಕಣಿವೆಯ ಜ್ವಾಲಾಮುಖಿ ಶಿಲೆಗಳಲ್ಲಿ ಸೋಡಿಯಂ ಹೆಚ್ಚು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಡಿಮೆ. ಹಾಗಾಗಿ ಕಾರ್ಬೊನೇಟು ಸುಣ್ಣವಾಗಿ ತಳ ಸೇರದೆ ಸೋಡಿಯಂ ಜೊತೆ ನೀರಿನಲ್ಲೇ ಉಳಿದು, ಬಿಸಿಲಿಗೆ ನೀರು ಆವಿಯಾದಂತೆಲ್ಲ ಗಟ್ಟಿಯಾಗುತ್ತದೆ. ದಕ್ಷಿಣಕ್ಕೆ ನಿಂತಿರುವ, ಮಾಸಾಯಿ ಜನ ದೇವರ ಬೆಟ್ಟವೆಂದು ಗೌರವಿಸುವ 2,962 ಮೀಟರ್ ಎತ್ತರದ ಓಲ್ ಡೊಯ್ನ್ಯೊ ಲೆಂಗಾಯ್ ಜ್ವಾಲಾಮುಖಿ ಉಗುಳುವ ಲಾವಾ ಕೂಡ ಸೋಡಿಯಂ ಕಾರ್ಬೊನೇಟಿನದೇ. ಕಪ್ಪಾಗಿ ಹರಿದು ಗಾಳಿಯ ತೇವಕ್ಕೆ ಬೆಳ್ಳಗಾಗುವ ಅಂಥ ಲಾವಾವನ್ನು ಇಂದು ಕಾರುವ ಜ್ವಾಲಾಮುಖಿ ಭೂಮಿಯ ಮೇಲೆ ಅದೊಂದೇ.

ಇಂಥ ನೀರಿನ ಪಿಎಚ್ ಅಳೆಯುವುದು ಶಾಲೆಯ ಪ್ರಯೋಗಾಲಯದಲ್ಲಿ ಅಳೆದಷ್ಟು ಸಲೀಸಲ್ಲ. ಸೋಡಿಯಂ ವಿಪರೀತವಾಗಿದ್ದಾಗ ಮೀಟರಿನ ಸಾಧಾರಣ ಗಾಜಿನ ಎಲೆಕ್ಟ್ರೋಡು (ನೀರಿಗೆ ಅದ್ದುವ ಕಡ್ಡಿ) ಅದನ್ನೂ ಹೈಡ್ರೋಜನ್ ಅಯಾನೆಂದು ಎಣಿಸಿ ಪಿಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಆದ್ದರಿಂದ ಹೆಚ್ಚಿನ ಪಿಎಚ್‌ಗೆಂದೇ ತಯಾರಿಸಿದ ಎಲೆಕ್ಟ್ರೋಡನ್ನು ಕೊಂಡೊಯ್ಯುತ್ತಿದ್ದೆ. ಮೀಟರನ್ನು ಹೊಂದಿಸುವ 10.01ರ ಬಫರ್ ದ್ರಾವಣ 25 ಡಿಗ್ರಿಯಲ್ಲಿ ಮಾತ್ರ 10.01 ಆಗಿರುತ್ತದೆ, ಬಿಸಿಯಾದಂತೆ ಇಳಿಯುತ್ತದೆ, ಮುಚ್ಚಳ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಇನ್ನಷ್ಟು ಇಳಿಯುತ್ತದೆ. ಹಾಗಾಗಿ ಅದನ್ನು ಪುಟ್ಟ ಸೀಸೆಗಳಲ್ಲಿ ಒಯ್ದು, ಒಮ್ಮೆ ತೆರೆದದ್ದನ್ನು ಮತ್ತೆ ಬಳಸುತ್ತಿರಲಿಲ್ಲ. ಒಂದು ಅಳತೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎಲೆಕ್ಟ್ರೋಡಿನ ತುದಿಯಲ್ಲಿ ಬಿಳಿ ಉಪ್ಪು ಹರಳುಗಟ್ಟುತ್ತಿದ್ದುದರಿಂದ, ಕುಡಿಯುವ ನೀರಿನಷ್ಟೇ ಜೋಪಾನವಾಗಿ ಭಟ್ಟಿಯಿಳಿಸಿದ ನೀರನ್ನೂ ಒಯ್ಯಬೇಕಾಗುತ್ತಿತ್ತು.

ಮೀಟರಿಗಿಂತ ನಾನು ಹೆಚ್ಚು ನಂಬಿದ್ದು ಹಳೆಯ ಟೈಟ್ರೇಷನ್ ಕ್ರಮವನ್ನು, ಅಂದರೆ ಬಣ್ಣ ಬದಲಾಗುವ ತನಕ ಆಮ್ಲ ಹನಿಸಿ, ಎಷ್ಟು ಹಿಡಿಯಿತೆಂದು ಅಳೆಯುವುದನ್ನು. ಮಾದರಿಯನ್ನು ನೂರು ಪಟ್ಟು ತೆಳುಮಾಡಿ, ಕ್ಷಾರದಲ್ಲಿ ಗುಲಾಬಿಯಾಗುವ ಸೂಚಕ ಫಿನಾಲ್ಫ್‌ಥಲೀನ್ ಹನಿಸಿದರೂ ಅದು ಕಡು ಗುಲಾಬಿಯಾಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತಾ ಹೋಗಿ ಆ ಬಣ್ಣ ಮಾಯವಾದಾಗ ಕಾರ್ಬೊನೇಟೆಲ್ಲ ಬೈಕಾರ್ಬೊನೇಟ್ ಆಗಿರುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ಸೂಚಕವಾದ ಮೀಥೈಲ್ ಆರೆಂಜ್ ಹಾಕಿ, ಹಳದಿ ಕೆಂಪಿಗೆ ತಿರುಗುವ ತನಕ ಬಿಟ್ಟ ಆಮ್ಲದ ಲೆಕ್ಕ ಬೇರೆ. ಬುಗ್ಗೆಯ ನೀರಿಗೆ ಎರಡನೆಯ ಹಂತದಲ್ಲಿ ಹೆಚ್ಚು ಆಮ್ಲ ಬೇಕಾಗುತ್ತಿತ್ತು, ಅಂದರೆ ಅಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿದೆ. ಒಳಗಿನ ನೀರಿಗೆ ಹೋದಂತೆ ಎರಡೂ ಹಂತಗಳು ಸಮೀಪಿಸುತ್ತಿದ್ದವು. ಪಿಎಚ್ ನಿಜವಾಗಿ 12 ಇದ್ದಿದ್ದರೆ ಕಾಸ್ಟಿಕ್ ಸೋಡಾದ ಪಾಲು ಸೇರಿ ಮೊದಲ ಹಂತವೇ ಎರಡನೆಯದನ್ನು ಮೀರಬೇಕಿತ್ತು. ನಾನು ತೆಗೆದ ಮಾದರಿಗಳಲ್ಲಿ ಅದು ಕಾಣಲಿಲ್ಲ. ಬುಗ್ಗೆಗಳ ಬಳಿ 9ರಿಂದ 10, ಹರವಿನಲ್ಲಿ 10ಕ್ಕೆ ಮೇಲೆ ಎಂದರೆ ನನ್ನ ಮಟ್ಟಿಗೆ ಸರಿಯಾದ ಚಿತ್ರ.

ಆ ಬುಗ್ಗೆಗಳ ಕಾಲುವೆಗಳಲ್ಲೇ ಮೀನುಗಳಿವೆ. ಅಲ್ಕೊಲೇಪಿಯಾ ಎಂಬ ತಿಲಾಪಿಯಾ ಬಳಗದ, ಬೆರಳುದ್ದದ ಮೀನುಗಳು. ನಾಟ್ರಾನ್‌ನಲ್ಲಿ ಅವುಗಳ ಮೂರು ಪ್ರಭೇದಗಳಿವೆ. ಕೈ ಇಟ್ಟರೆ ಸ್ನಾನದ ನೀರಿನಷ್ಟು ಬೆಚ್ಚಗಿರುವ ಕಡೆ ಅವು ಗುಂಪುಗುಂಪಾಗಿ ಕಲ್ಲಿನ ಪಾಚಿ ಕೆರೆಯುತ್ತವೆ, ಬುಗ್ಗೆಯ ಬಾಯಿಯ ಸುಡುನೀರಿಗೆ ಹೋಗುವುದಿಲ್ಲ, ಒಳಗಿನ ಗಟ್ಟಿ ನೀರಿಗೂ ಇಳಿಯುವುದಿಲ್ಲ. ಬೇರೆ ಮೀನುಗಳು ಕಿವಿರಿನಿಂದ ಅಮೋನಿಯ ಬಿಟ್ಟು ದೇಹ ಶುದ್ಧಿ ಮಾಡಿಕೊಳ್ಳುತ್ತವೆ, ಆದರೆ ಇಷ್ಟು ಕ್ಷಾರೀಯ ನೀರಿನಲ್ಲಿ ಅಮೋನಿಯ ಹೊರಬೀಳದೆ ದೇಹದಲ್ಲೇ ಸೇರಿ ವಿಷವಾಗುತ್ತದೆ. ಪಕ್ಕದ ಮಗಾಡಿ ಸರೋವರದಲ್ಲಿರುವ ಇವುಗಳ ಬಂಧು ನಮ್ಮ ಹಾಗೆ ಯೂರಿಯಾ ತಯಾರಿಸಿ ಬಿಡುತ್ತದೆ. ಮೀನುಗಳಲ್ಲಿ ಇದು ಅಪರೂಪದ ಏರ್ಪಾಡು.

ನೀರು ಕೈಗೆ ಜಾರುಜಾರಾಗಿ ತಗಲುವುದು ಚರ್ಮದ ಕೊಬ್ಬೇ ಸಾಬೂನಾಗುವುದರಿಂದ. ಗೀರು ಗಾಯವಿದ್ದರೆ ಚುರುಗುಟ್ಟುತ್ತದೆ, ಮೊಣಕೈ ತನಕದ ರಬ್ಬರ್ ಗ್ಲೌಸ್ ಇಲ್ಲದೆ ಮಾದರಿ ತೆಗೆಯಬಾರದು. ಹಾಗೆಂದು ಮುಟ್ಟಿದವರು ಕಲ್ಲಾಗುವುದಿಲ್ಲ. ದಡದಲ್ಲಿ ಸತ್ತ ಹಕ್ಕಿಗಳು ಸಿಗುತ್ತವೆ: ಗರಿಗಳ ಸಂದಿಯಲ್ಲಿ, ಕಣ್ಣುಗುಳಿಯಲ್ಲಿ ಸೋಡಾ (ಸೋಡಿಯಂ ಕಾರ್ಬೊನೇಟಿನ ಉಪ್ಪು) ಹೆಪ್ಪುಗಟ್ಟಿ, ದೇಹ ಒಣಗಿ ಕೊಳೆಯದೆ ಉಳಿದಿರುತ್ತದೆ. ಪ್ರಾಚೀನ ಈಜಿಪ್ಟಿನವರು ಶವಗಳನ್ನು ಕಾಪಿಡಲು ಬಳಸಿದ್ದೂ ಇದೇ ಬಗೆಯ ಉಪ್ಪನ್ನು. ಬೇಸಿಗೆಯಲ್ಲಿ ಸರೋವರದ ಮೇಲೆ ಹಬ್ಬುವ ಕೆಂಪು ಬಣ್ಣ, ಉಪ್ಪನ್ನು ಪ್ರೀತಿಸುವ ಸೂಕ್ಷ್ಮಜೀವಿಗಳದ್ದು.

ನಾಟ್ರಾನ್‌ಗೆ ಹೆಸರು ತಂದಿರುವ ಕಿರಿಯ ಫ್ಲೆಮಿಂಗೊ (ಲೆಸ್ಸರ್ ಫ್ಲೆಮಿಂಗೊ) ಎಂಬ ಜಾತಿಯ ಹಕ್ಕಿಗಳನ್ನು ಮಾತ್ರ ನಾನು ದೂರದಿಂದಲೇ ನೋಡಿದ್ದೇನೆ, ಅದೇ ಸರಿ ಎಂದೂ ಭಾವಿಸಿದ್ದೇನೆ. ಪೂರ್ವ ಆಫ್ರಿಕದ ಲಕ್ಷಗಟ್ಟಲೆ ಕಿರಿಯ ಫ್ಲೆಮಿಂಗೊಗಳು ನಿಯಮಿತವಾಗಿ ಮರಿ ಮಾಡುವ ತಾಣ ಇದೊಂದೇ. ದಡದ ಬಳಿ ಅವು ಕೊಕ್ಕನ್ನು ತಲೆಕೆಳಗಾಗಿಸಿ, ನಾಲಿಗೆಯಿಂದ ನೀರನ್ನು ಒಳಕ್ಕೆ ಹೊರಕ್ಕೆ ತಳ್ಳುತ್ತಾ, ಕೊಕ್ಕಿನೊಳಗಿನ ಜರಡಿಯಲ್ಲಿ ಸಯನೋಬ್ಯಾಕ್ಟೀರಿಯಾವನ್ನು (ಪಾಚಿಯಂಥ ಸೂಕ್ಷ್ಮಜೀವಿಗಳನ್ನು) ಸೋಸಿ ತಿನ್ನುವುದನ್ನು ದುರ್ಬೀನಿನಲ್ಲಿ ಚೆನ್ನಾಗಿ ನೋಡಬಹುದು. ಗುಲಾಬಿ ಬಣ್ಣವೂ ಆ ಆಹಾರದ್ದೇ. ಗೂಡುಗಳು ನಡುವಿನ ಸೋಡಾ ಕೆಸರಿನಲ್ಲಿರುವ ಮಣ್ಣಿನ ಪುಟ್ಟ ದಿಬ್ಬಗಳು. 1954ರಲ್ಲಿ ಪಕ್ಷಿತಜ್ಞ ಲೆಸ್ಲಿ ಬ್ರೌನ್ ಅಲ್ಲಿಗೆ ನಡೆದುಹೋಗಲು ಯತ್ನಿಸಿ, ಕಾಲುಗಳು ತೀವ್ರವಾಗಿ ಸುಟ್ಟು ಆಸ್ಪತ್ರೆ ಸೇರಬೇಕಾಯಿತು. ಮನುಷ್ಯನನ್ನು ತಡೆಯುವ ಆ ಕೆಸರೇ ಕತ್ತೆಕಿರುಬ, ನರಿಗಳನ್ನೂ ತಡೆಯುತ್ತದೆ.

ಆದರೆ ಈ ರಕ್ಷಣೆ ನಿಂತಿರುವುದು ನೀರಿನ ಮಟ್ಟದ ಮೇಲೆ. ಹೆಚ್ಚಾದರೆ ಗೂಡು ಮುಳುಗುತ್ತವೆ, ಕಡಿಮೆಯಾದರೆ ಬೇಟೆಯಾಡುವ ಪ್ರಾಣಿಗಳು ಗಟ್ಟಿಯಾದ ಸೋಡಾದ ಮೇಲೆ ನಡೆದೇ ಬರುತ್ತವೆ. 1962ರಲ್ಲಿ ನಾಟ್ರಾನ್ ತುಂಬಿದ್ದರಿಂದ ಹಕ್ಕಿಗಳು ಮಗಾಡಿಯಲ್ಲಿ ಮೊಟ್ಟೆಯಿಟ್ಟವು. ಅಲ್ಲಿನ ಇನ್ನೂ ಗಟ್ಟಿಯಾದ ನೀರಿನಲ್ಲಿ ಮರಿಗಳ ಕಾಲಿಗೆ ಸೋಡಾ ಕಡಗದಂತೆ ಕಟ್ಟಿಕೊಂಡು, ಸಾವಿರಾರು ಮರಿಗಳ ಕಾಲುಗಳಿಂದ ಅದನ್ನು ಒಡೆದು ತೆಗೆಯಬೇಕಾಯಿತು. ನಾಟ್ರಾನ್‌ನಲ್ಲಿ ಕಾರ್ಖಾನೆ ಹಾಕಿ ಸೋಡಾ ತೆಗೆಯುವ ಪ್ರಸ್ತಾವ ಬಂದಾಗ ನನಗೆ ಆತಂಕವಾದದ್ದು ಉಪ್ಪು ಕಡಿಮೆಯಾಗುತ್ತದೆಂದಲ್ಲ. ಅಂಥ ಕಾರ್ಖಾನೆಗೆ ಸಿಹಿನೀರು ಬೇಕು, ಸುತ್ತಲಿನ ತೊರೆ, ಬುಗ್ಗೆಗಳಿಂದ ತೆಗೆದ ಪ್ರತಿ ಲೀಟರೂ ಸರೋವರದ ಮಟ್ಟದಿಂದ ಕಳೆದದ್ದೇ. ಅಲ್ಲಿಗೆ ಉಪಕರಣ ಒಯ್ಯುವವರು ಪಿಎಚ್ ಜೊತೆಗೆ, ಅಳತೆಪಟ್ಟಿ ನೆಟ್ಟು, ದಡದಲ್ಲಿ ನೀರಿನ ಮಟ್ಟವನ್ನೂ ತಪ್ಪದೆ ಬರೆದಿಟ್ಟುಕೊಳ್ಳಬೇಕು.